ಯಲ್ಲಕ್ಕನ ಅಪೀಲಿನ ಖರ್ಚು

ಹೊಳಲ್ಕೆರೆ
೧೪ ಅಕ್ಟೋಬರ್ ೧೯೭೯, ಭಾನುವಾರ

ಪ್ರೀತಿಯ ತಮ್ಮ ಹಾಲಸ್ವಾಮಿಗೆ ನಿನ್ನ ಅಕ್ಕ ಕಾಳಕ್ಕನ ಆಶೀರ್ವಾದ.

ನಾನೂ ಅಪ್ಪನೂ ಆರೋಗ್ಯವಾಗಿದ್ದೇವೆ. ನೀನೂ ಹಾಗೇ ಇರುವೆಯೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳೂ ಕೈಸೇರಿದವು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೊದಲನೆಯದು ಬಂದಾಗ ಅರ್ಧವಾರ್ಷಿಕ ಪರೀಕ್ಷೆಯ ಪೇಪರುಗಳು ಮೇಜಿನ ತುಂಬ ಬಿದ್ದಿದ್ದವು. ಎರಡನೆಯದು ಬಂದಾಗ ಮೇಜು ಖಾಲಿಯಿತ್ತು, ಆದರೆ ಸಿಟ್ಟಿತ್ತು. ಸಿಟ್ಟಿನಲ್ಲಿ ಬರೆದರೆ ನೀನು ಓದುವುದು ನನ್ನ ಸಿಟ್ಟನ್ನೇ ಹೊರತು ನನ್ನ ಮಾತನ್ನಲ್ಲ ಎಂದು ಸುಮ್ಮನಿದ್ದೆ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ನಮ್ಮ ಹೆಡ್ ಮೇಡಂ ವರ್ಗವಾಗಿ ಹೋದರು, ಹೊಸಬರು ಬರುವ ತನಕ ಶಾಲೆಯ ಬೀಗದ ಕೈ ನನ್ನ ಸೆರಗಿನಲ್ಲಿದೆ. ಅಡಿಕೆ ಮಂಡಿಯ ಎದುರಿದ್ದ ಕೋಣೆ ಬಿಟ್ಟು ಬಸ್ ನಿಲ್ದಾಣದ ಹಿಂದೆ ಬಂದಿದ್ದೇನೆ. ಅಲ್ಲಿ ಹಮಾಲರ ಕೂಗು, ಇಲ್ಲಿ ಕಂಡಕ್ಟರರ ಕೂಗು. ಅಪ್ಪನ ಎಡಗಣ್ಣು ಈಗ ಚೆನ್ನಾಗಿ ಕಾಣುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಕನ್ನಡಕವನ್ನು ಹರಿಯಬ್ಬೆಯ ನಮ್ಮ ಮನೆಗೆ ಯಾರಾದರೂ ಬಂದಾಗ ಮಾತ್ರ ಹಾಕಿಕೊಳ್ಳುತ್ತಾನೆ. ಕುರಿಗಳ ಮುಂದೆ ನಾಚಿಕೆಯಂತೆ.

ಇನ್ನು ನೀನು ಕೇಳಿದ ವಿಷಯ.

“ಹೈಕೋರ್ಟಿನಲ್ಲಿ ಅವಳ ವಕೀಲರಿಗೆ ದುಡ್ಡು ಕೊಟ್ಟವರು ಯಾರು? ಖರ್ಚಿಗೆ ಹಾಕಿದ್ದ ಅರ್ಜಿಯನ್ನು ತಾನಾಗಿಯೇ ವಾಪಸು ತೆಗೆದುಕೊಂಡಳು ಎಂದರೆ ಹಿಂದೆ ಯಾರೋ ಇದ್ದಾರೆ, ಅದು ನಿಮ್ಮ ಅಕ್ಕನೇ ಎಂದು ನಮ್ಮ ವಕೀಲರು ಹೇಳುತ್ತಾರೆ. ನನ್ನನ್ನು ಓದಿಸಿದ ಕೈಯಿಂದಲೇ ನನ್ನನ್ನು ಸೋಲಿಸಿದೆಯಾ ಅಕ್ಕ?” ಎಂದು ಬರೆದಿದ್ದೀಯ.

ನಾನು ಕೊಡಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಲ್ಲಕ್ಕ ಕೇಳಲಿಲ್ಲ. ಯಾರು ಕೊಟ್ಟರು ಎಂಬುದನ್ನು ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ನಿನಗೆ ಗೊತ್ತಿರುವುದು ಕೋರ್ಟಿನ ಕಾಗದದಲ್ಲಿರುವಂತೆ. ಮನೆಯಲ್ಲಿ ನಡೆದದ್ದನ್ನು ನೀನು ಕಂಡವನಲ್ಲ. ಕೊನೆಯ ತನಕ ಓದು.

ಧರ್ಮಪುರದಿಂದ ಯಲ್ಲಕ್ಕನನ್ನು ಮದುವೆ ಮಾಡಿ ತಂದುಕೊಂಡಾಗ ನಿನಗೆ ಬೆಂಗಳೂರಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕು ಇನ್ನೂ ವರ್ಷವಾಗಿರಲಿಲ್ಲ. ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದೆ. ಅವಳು ಹರಿಯಬ್ಬೆಯಲ್ಲಿ ಅಪ್ಪನ ಜೊತೆ ಉಳಿದಳು. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದೆ. ಆಮೇಲೆ ಹಬ್ಬಗಳು ಬಂದವು, ನೀನು ಬರಲಿಲ್ಲ. ಅವಳು ಕುರಿರೊಪ್ಪ ಗುಡಿಸಿದಳು, ಉಣ್ಣೆ ನೂತಳು, ಅಪ್ಪನ ಕಣ್ಣಿನ ಪೊರೆ ತೆಗೆಸಿದಾಗ ದುರ್ಗದ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿದಳು. “ಅವ್ರಿಗೆ ಮನೆ ಸಿಕ್ತೇನಕ್ಕ?” ಎಂದು ನಾನು ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದಳು. ಯಾವುದೋ ಒಂದು ವರ್ಷದಿಂದ ಕೇಳುವುದನ್ನೇ ಬಿಟ್ಟಳು. ಅವಳಿಗೆ ಅರ್ಥವಾಗಿದೆ ಎಂದು ನನಗೆ ಆಗ ಅರ್ಥವಾಯಿತು.

ಎರಡು ವರ್ಷದ ಹಿಂದೆ ನೀನು ಚಿತ್ರದುರ್ಗದ ಕೋರ್ಟಿನಲ್ಲಿ ವಿಚ್ಛೇದನದ ಅರ್ಜಿ ಹಾಕಿದೆ. ಹೆಂಡತಿ ಸಕಾರಣವಿಲ್ಲದೆ ನನ್ನನ್ನು ತೊರೆದು ತವರಿಗೆ ಹೋಗಿದ್ದಾಳೆ, ಕರೆದರೂ ಬರುತ್ತಿಲ್ಲ ಎಂದು ಅದರಲ್ಲಿತ್ತು. ಅವಳ ವಿಳಾಸ ಧರ್ಮಪುರ ಎಂದು ಬರೆಸಿದ್ದೆ. ಕೋರ್ಟಿನ ಅಮೀನ ನೋಟೀಸು ಹಿಡಿದು ಧರ್ಮಪುರಕ್ಕೆ ಹೋದ. ಅವಳ ಅಣ್ಣ ಮುದ್ದಪ್ಪ, “ನನ್ ತಂಗಿ ಗಂಡನ ಮನೇಲವ್ಳೆ, ಹರಿಯಬ್ಬೆಗೆ ಹೋಗ್ರಿ” ಎಂದು ಕಳಿಸಿದ. ಅಮೀನ ಹರಿಯಬ್ಬೆಗೆ ಬಂದಾಗ ಯಲ್ಲಕ್ಕ ಅಪ್ಪನಿಗೆ ಮುದ್ದೆ ಬಡಿಸುತ್ತಿದ್ದಳಂತೆ. ಆತ ನೋಟೀಸು ಓದಿ ಹೇಳಿದ. ಅವಳು ಕೈ ತೊಳೆದುಕೊಂಡು ಬಂದು ಕೇಳಿದ್ದು ಒಂದೇ ಮಾತು:

“ನಾನು ಬಿಟ್ಟೋಗಿದ್ರೆ ಈ ಕಾಗ್ದ ಈ ಮನೆಗ್ಯಾಕೆ ತಂದ್ರಿ ಸ್ವಾಮಿ?”

ಆತ ಒಳ್ಳೆಯ ಮನುಷ್ಯ ಇರಬೇಕು, ನೋಟೀಸಿನ ಹಿಂಭಾಗದಲ್ಲಿ ‘ಪ್ರತಿವಾದಿಗೆ ಆಕೆಯ ಮಾವ ಬೀರಪ್ಪನ ಮನೆಯಲ್ಲಿ ತಲುಪಿಸಲಾಯಿತು’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡು ಹೋದ. ದುರ್ಗದ ನ್ಯಾಯಾಧೀಶರು ನಿನ್ನ ಅರ್ಜಿ ತಳ್ಳಿಹಾಕಿದ್ದು ನನ್ನ ಸಾಕ್ಷಿಯಿಂದ ಎಂದು ನೀನು ತಿಳಿದಿದ್ದೀಯ. ನನ್ನ ಸಾಕ್ಷಿಗಿಂತ ಆ ಒಂದು ಸಾಲು ಹೆಚ್ಚು ಕೆಲಸ ಮಾಡಿತು.

ಆ ಕೇಸಿನ ಖರ್ಚು ಹೊತ್ತವನು ಮುದ್ದಪ್ಪ. ನೀನು ಹೈಕೋರ್ಟಿಗೆ ಅಪೀಲು ಹಾಕಿದ ಸುದ್ದಿ ತಿಳಿದ ವಾರವೇ ಅವನು ಹರಿಯಬ್ಬೆಗೆ ಬಂದ. ನಾನೂ ಅಲ್ಲಿದ್ದೆ. ಪಡಸಾಲೆಯ ಕಂಬಕ್ಕೆ ಒರಗಿ ಬಹಳ ಹೊತ್ತು ಟವೆಲನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದು, ಆಮೇಲೆ ಹೇಳಿದ:

“ಸಾಕು ಬಿಡವ್ವ ಯಲ್ಲವ್ವ. ದುರ್ಗದಾಗೆ ಗೆದ್ದಾಯ್ತಲ್ಲ. ಬೆಂಗ್ಳೂರು ಕೋರ್ಟು ಅಂದ್ರೆ ನಮ್ಮಂಥೋರಿಗಲ್ಲ. ಈ ಸಲ ಶೇಂಗಾ ಬೇರೆ ಜೊಳ್ಳು. ನಂಗೂ ಹೆಣ್ಣುಮಕ್ಳವೆ.”

“ನೀನು ಕೊಡು ಅಂತ ನಾನೆಲ್ಲಿ ಕೇಳ್ದೆ ಅಣ್ಣಾ” ಎಂದಳು ಯಲ್ಲಕ್ಕ. “ಆದ್ರೆ ಅಲ್ಲಿ ನನ್ ಪರ ಯಾರೂ ನಿಂತ್ಕಳ್ದೆ ಇದ್ರೆ ಏನಾಗ್ತೈತೆ, ಅಷ್ಟು ಹೇಳು.”

ಮುದ್ದಪ್ಪ ನನ್ನ ಮುಖ ನೋಡಿದ. ಯಾರೂ ನಿಲ್ಲದಿದ್ದರೆ ನೀನು ಬರೆಸಿದ್ದೇ ನಿಜವಾಗುತ್ತದೆ ಎಂದು ನಾನು ಹೇಳಿದೆ.

“ಹಂಗಾದ್ರೆ ಯಾರ್ನಾದ್ರೂ ನಿಲ್ಲಿಸ್ಬೇಕು” ಎಂದಳು.

ನಾನು ಅವಳನ್ನು ದುರ್ಗಕ್ಕೆ ಕರೆದುಕೊಂಡು ಹೋದೆ. ನಮ್ಮ ವಕೀಲರು ಚಿತ್ರಲಿಂಗಪ್ಪನವರನ್ನು ನೀನು ಕೋರ್ಟಿನಲ್ಲಿ ನೋಡಿದ್ದೀಯ. ಕೆಮ್ಮುತ್ತಾ ಮಾತಾಡುತ್ತಾರೆ, ಕೆಮ್ಮಿನ ನಡುವೆಯೂ ಅರ್ಥವಾಗುವ ಹಾಗೆ ಮಾತಾಡುತ್ತಾರೆ. ಅವರು ವಿವರಿಸಿದರು: ಹೆಂಡತಿಗೆ ಸ್ವಂತ ಆದಾಯ ಇಲ್ಲದಿದ್ದರೆ ಕೇಸು ನಡೆಯುವಷ್ಟು ಕಾಲ ಅವಳ ಜೀವನಕ್ಕೂ ವಕೀಲರಿಗೂ ಗಂಡನೇ ಕೊಡಬೇಕು. ಕೆಳಗಿನ ಕೋರ್ಟಿಗೆ ಮಾತ್ರವಲ್ಲ, ಅಪೀಲಿಗೂ ಅದೇ ಕಾನೂನು.

ಯಲ್ಲಕ್ಕ ಕೇಳಿದಳು: “ನಾನು ಕೆಟ್ಟೋಳು ಅಂತ ಹೇಳೋ ವಕೀಲರ್ಗೂ ಅವ್ರೇ ಕೊಡೋದು, ಅಲ್ಲ ಅಂತ ಹೇಳೋ ವಕೀಲರ್ಗೂ ಅವ್ರೇ ಕೊಡೋದಾ?”

“ಹೌದಮ್ಮ. ದುಡ್ಡಿರೋರ ಮಾತಷ್ಟೇ ಕೇಳಿ ತೀರ್ಮಾನ ಮಾಡಿದ್ರೆ ಅದು ನ್ಯಾಯ ಆಗಲ್ಲ. ಇಬ್ರಿಗೂ ಬಾಯಿರ್ಬೇಕು ಅಂತ ಕಾನೂನು ಹಂಗೆ ಮಾಡೈತೆ.”

ಅವಳಿಗೆ ಅದು ಇಷ್ಟವಾಯಿತು. ದುಡ್ಡು ಸಿಗುತ್ತದೆಂದಲ್ಲ. ಯಾರೋ ಎಲ್ಲೋ ಕೂತು ಕಾನೂನು ಬರೆಯುವಾಗ ಧರ್ಮಪುರದ ಯಲ್ಲಕ್ಕನಂಥವಳನ್ನೂ ನೆನೆಸಿಕೊಂಡಿದ್ದಾರಲ್ಲ ಎಂದು. ಚಿತ್ರಲಿಂಗಪ್ಪನವರು ತಮ್ಮ ಪರಿಚಯದ ಬೆಂಗಳೂರಿನ ವಕೀಲರೊಬ್ಬರಿಗೆ ಒಪ್ಪಿಸಿ ಖರ್ಚಿನ ಅರ್ಜಿ ಹಾಕಿಸಿದರು.

ಅದಕ್ಕೆ ನೀನು ಕೊಟ್ಟ ಉತ್ತರ ನೆನಪಿದೆಯಲ್ಲ. ಅವಳು ಗತಿಯಿಲ್ಲದವಳಲ್ಲ, ಮದುವೆಯಲ್ಲಿ ಅವಳಿಗೆ ಕುರಿಮಂದೆ ಕೊಟ್ಟಿದೆ, ಅದರ ಉಣ್ಣೆ ಮರಿಗಳ ಆದಾಯ ಅವಳೇ ತಿನ್ನುತ್ತಿದ್ದಾಳೆ, ಅವಳ ಖರ್ಚು ಅವಳೇ ನೋಡಿಕೊಳ್ಳಲಿ ಎಂದು. ಅದನ್ನು ಋಜುವಾತು ಮಾಡಲು ಹೋದ ವರ್ಷ ದಸರೆ ರಜೆಯಲ್ಲಿ ಅಪ್ಪನ ಹೆಸರಿಗೆ ಒಂದು ಛಾಪಾ ಕಾಗದ ಟೈಪು ಮಾಡಿಸಿ ಕಳಿಸಿದೆ. ಹಿರಿಯೂರಿಗೆ ಹೋಗಿ ನೋಟರಿಯ ಮುಂದೆ ಅಪ್ಪನ ಹೆಬ್ಬೆಟ್ಟು ಒತ್ತಿಸಿ ಕಳಿಸು ಎಂದು ನನಗೆ ಚೀಟಿ. ಆ ಕಾಗದ ಯಾಕೆ ವಾಪಸು ಬರಲಿಲ್ಲ ಎಂದು ಆಮೇಲೆ ಎರಡು ಸಲ ಕೇಳಿದೆ. ಈಗ ಹೇಳುತ್ತಿದ್ದೇನೆ.

ಬೆಳಗಿನ ಹೊತ್ತು. ಯಲ್ಲಕ್ಕ ಬಾವಿಗೆ ಹೋಗಿದ್ದಳು. ಅಪ್ಪ ರೊಪ್ಪದ ಬಾಗಿಲ ಕಲ್ಲಿನ ಮೇಲೆ ಕೂತು ಕುಂಟುವ ಮರಿಯೊಂದರ ಕಾಲು ನೋಡುತ್ತಿದ್ದ. ನಾನು ಓದಿದೆ: ‘ಕೆಳಗೆ ರುಜು ಮಾಡಿದ ಬೀರಪ್ಪನಾದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ...’

“ಇನ್ನೊಂದ್ಸಲ ಓದು” ಎಂದ. ಓದಿದೆ.

“ಈ ಕುರಿ ಅವ್ಳವು ಅಂತ ಬರ್ದವ್ನಾ?”

“ಹೌದಪ್ಪ. ಮದುವೆ ದಿನದಿಂದ ಅವಳವೇ ಅಂತ.”

“ಯಾಕಂತೆ?”

“ಅವಳ ಹತ್ತಿರ ಕುರಿ ಇದ್ದರೆ ಕೇಸಿನ ಖರ್ಚು ಅವಳೇ ಹಾಕಿಕೊಳ್ಳಬೇಕಾಗುತ್ತೆ. ಇವನು ಕೊಡುವ ಹಾಗಿಲ್ಲ.”

ಅಪ್ಪ ಮರಿಯನ್ನು ಕೆಳಗಿಳಿಸಿದ. ಅದು ಕುಂಟುತ್ತಾ ತಾಯಿಯ ಹತ್ತಿರ ಹೋಯಿತು. ನಾನು ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. “ನನ್ ಮಗ ಓದ್ದೋನು. ಸುಳ್ಳು ಬರ್ದಾನು, ತಪ್ಪು ಬರ್ಯಲ್ಲ” ಎಂದು ನಿಧಾನವಾಗಿ ಹೇಳಿದ. ಆ ಮಾತಿನಲ್ಲಿ ಹೆಮ್ಮೆ ಎಷ್ಟು ನೋವು ಎಷ್ಟು ಎಂದು ನನಗೆ ಇವತ್ತಿಗೂ ಬಿಡಿಸಿ ಹೇಳಲಾಗದು.

ಮಾರನೆಯ ದಿನ ಬೆಳಿಗ್ಗೆ ಮಂದೆ ಹೊರಡುವ ಮುಂಚೆ ಯಲ್ಲಕ್ಕನನ್ನೂ ನನ್ನನ್ನೂ ಕರೆದ. ಪಕ್ಕದ ಮನೆಯ ದಾಸಣ್ಣನನ್ನೂ ಕರೆಸಿ ಕೂರಿಸಿದ್ದ. ಒಂದು ಚಿಪ್ಪಿನಲ್ಲಿ ಕಾವಿಮಣ್ಣು ಕಲಸಿ ಇಟ್ಟುಕೊಂಡಿದ್ದ. ರೊಪ್ಪದೊಳಗೆ ಹೋಗಿ ಒಂದೊಂದೇ ಕುರಿಯನ್ನು ಹಿಡಿದು ಬೆನ್ನ ಮೇಲೆ ಕಾವಿ ಬಳಿದು ಆಚೆ ಬಿಡತೊಡಗಿದ. ಮಂದೆಯ ಅರ್ಧಕ್ಕೆ ಬಳಿದ. ಕುಂಟು, ಮುದಿ ಎಂದು ಆರಿಸಿ ಕೊಡಲಿಲ್ಲ. ಒಳ್ಳೆಯ ಟಗರು, ಈಯುವ ಕುರಿ, ಎಲ್ಲ ಸಮಸಮ.

“ದಾಸಣ್ಣ, ನೀನು ನೋಡ್ದೆ. ಕಾವಿ ಹಚ್ಚಿದ್ವೆಲ್ಲ ಇವತ್ತಿಂದ ಈಕೇವು” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಇವತ್ತಿಂದ ಅಂತ ಹೇಳು ಅವ್ನಿಗೆ. ಮದ್ವೆ ದಿನದಿಂದ ಅಂತ ನಾನು ಹೆಬ್ಬೆಟ್ಟು ಒತ್ತಲ್ಲ” ಎಂದ.

ಯಲ್ಲಕ್ಕ ಬಾಗಿಲಿಗೆ ಅಡ್ಡ ನಿಂತಳು. “ಬ್ಯಾಡ ಮಾವ. ಇದು ಅವ್ರ ಪಾಲು. ನಾಳೆ ಅವ್ರು ಬಂದು ಕೇಳಿದ್ರೆ?”

“ಅವನ ಪಾಲೇ ಕಣವ್ವ. ಅದ್ಕೇ ಕೊಡ್ತಿರೋದು” ಎಂದ ಅಪ್ಪ. “ನಿನ್ ಖರ್ಚು ಅವ್ನು ಕೊಡ್ಬೇಕು ಅಂತ ಸರ್ಕಾರದ ಕಾನೂನೇ ಐತಂತೆ. ಅವ್ನು ಕೊಡಲ್ಲ ಅಂತಾನೆ. ಅವ್ನ ಪಾಲು ನನ್ ಕೈಯಾಗೈತೆ. ನಾನು ಕೊಟ್ಟೆ. ಉಳಿದಿದ್ದು ನಾನಿರೋ ತನ್ಕ ನಂದು, ಆಮೇಲೆ ಕಾಳೀದು.”

ದಾಸಣ್ಣ ಸುಮ್ಮನಿರಲಾರದೆ, “ಬೀರಣ್ಣ, ಮಗನ್ ಮೇಲೆ ಕೇಸಾಡಕ್ಕೆ ಮಗನ್ ಕುರೀನೇ ಕೊಡ್ತೀಯಲ್ಲೋ, ನಾಕು ಜನ ಏನಂದಾರು?” ಎಂದ.

“ಮಗ ಸುಳ್ಳ ಆಗಬಾರ್ದು ದಾಸಣ್ಣ. ಕುರಿ ಅವ್ಳವು ಅಂತ ಕೋರ್ಟ್ನಾಗೆ ಬರ್ದು ಕೊಟ್ಟವ್ನೆ. ಅದನ್ನ ನಿಜ ಮಾಡಕ್ಕೆ ನಂಗೆ ಇದೊಂದೇ ದಾರಿ ತೋಚ್ತು.”

ಅಲ್ಲಿಗೆ ಮಾತು ಮುಗಿಯಿತು. ಎರಡು ಮಂದೆಯೂ ಎಂದಿನಂತೆ ಒಟ್ಟಿಗೇ ಮೇಯಲು ಹೋದವು. ಬೆನ್ನು ಕೆಂಪಗಿದ್ದವು, ಇಲ್ಲದವು ಎಂಬುದಷ್ಟೇ ವ್ಯತ್ಯಾಸ.

ಹಾಲಸ್ವಾಮಿ, ಅದಾದ ಮೇಲೆ ಯಲ್ಲಕ್ಕ ಮಾಡಿದ್ದು ಅವಳೇ ಮಾಡಿದ್ದು. ಯಾರೂ ಹೇಳಿಕೊಟ್ಟದ್ದಲ್ಲ. ರಜೆ ಮುಗಿದು ನಾನು ಹೊಳಲ್ಕೆರೆಗೆ ಹೊರಟಾಗ ತಾನೂ ದುರ್ಗದ ತನಕ ಬರುತ್ತೇನೆಂದಳು. ಚಿತ್ರಲಿಂಗಪ್ಪನವರ ಮುಂದೆ ಕೂತು, “ಆ ಖರ್ಚಿನ ಅರ್ಜಿ ವಾಪಸ್ ತಕ್ಕಳ್ರಿ” ಎಂದಳು. ಅವರಿಗೆ ಕೆಮ್ಮೇ ನಿಂತುಹೋಯಿತು.

“ಯಾಕಮ್ಮ? ಅರ್ಜಿ ಹಾಕಿದಾಗ ನಿಮ್ಮ ಹತ್ರ ಏನೂ ಇರ್ಲಿಲ್ಲ. ಮಾವ ಆಮೇಲೆ ಕೊಟ್ಟಿದ್ದು. ವಾದ ಮಾಡೋಕೆ ಜಾಗ ಐತೆ. ಕಾನೂನು ಕೊಡೋದನ್ನ ಯಾಕೆ ಬಿಡ್ತೀರಿ?”

“ಆಗ ಇರ್ಲಿಲ್ಲ, ಕೇಳ್ದೆ. ಈಗ ಐತೆ. ಇಟ್ಕಂಡು ಇಲ್ಲ ಅಂತ ಹೆಂಗನ್ಲಿ? ಅವ್ರು ಸುಳ್ಳು ಬರೆಸಿದ್ರು ಅಂತ ತಾನೆ ನಾನು ಕೋರ್ಟಿಗೆ ಹೋಗ್ತಿರೋದು.”

ಚಿತ್ರಲಿಂಗಪ್ಪನವರು ನನ್ನನ್ನು ನೋಡಿದರು. ಓದಿದವಳು ನೀನಾದರೂ ಹೇಳು ಎನ್ನುವಂತೆ. ನಾನೇನು ಹೇಳಲಿ? ಅವಳಿಗೆ ಹಕ್ಕಿತ್ತು, ಕೇಳಬೇಕಿತ್ತು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಕುರಿ ಮಾರಿ ಉಣ್ಣುವವಳು ಒಂದು ಕಡೆ, ತಿಂಗಳ ಸಂಬಳದವನು ಒಂದು ಕಡೆ ಇರುವಾಗ ಕಾನೂನು ಅವಳ ಪಕ್ಕ ಬಂದು ನಿಂತರೆ ಅದು ದಯೆಯಲ್ಲ, ತಕ್ಕಡಿ ಸರಿಮಾಡುವುದು. ಆದರೆ ಅವಳ ಮುಖ ನೋಡಿ ಸುಮ್ಮನಾದೆ. ಅವರು ಬೆಂಗಳೂರಿಗೆ ಬರೆದರು. ಅರ್ಜಿ ವಾಪಸಾಯಿತು. ನಿಮ್ಮ ವಕೀಲರು ಅದರ ಹಿಂದೆ ನನ್ನನ್ನು ಕಂಡರು. ಅಲ್ಲಿದ್ದದ್ದು ಕಾವಿ ಬಳಿದ ಕುರಿಗಳು. ಹಿರಿಯೂರಿನ ಸಂತೆಗೆ ಅವಳೇ ದಾಸಣ್ಣನ ಜೊತೆ ಹೊಡೆದುಕೊಂಡು ಹೋಗಿ, ವಕೀಲರಿಗೆ ಬೇಕಾದಷ್ಟನ್ನು ಮಾತ್ರ ಮಾರಿ ಬಂದಳು.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಇದು: ಕೊಟ್ಟವನು ನೀನೇ. ನಿನ್ನ ಪಾಲಿನಿಂದ ಹೋಯಿತು. ಅಪ್ಪ ಇದನ್ನು ನಿನಗೆ ತಿಳಿಸಬೇಡ ಎನ್ನಲಿಲ್ಲ, ತಿಳಿಸು ಎಂದೂ ಹೇಳಲಿಲ್ಲ. ನೀನು ಕೇಳಿದೆ, ನಾನು ಹೇಳಿದೆ.

ಈ ಆಗಸ್ಟಿನಲ್ಲಿ ಅಪೀಲು ವಿಚಾರಣೆಗೆ ಬಂದಾಗ ನಾನೂ ಯಲ್ಲಕ್ಕನೂ ಬೆಂಗಳೂರಿಗೆ ಬಂದಿದ್ದೆವು. ಹೈಕೋರ್ಟಿನಲ್ಲಿ ಕಕ್ಷಿಗಾರರು ಬರಬೇಕಾಗಿಲ್ಲ ಎಂದು ವಕೀಲರು ಬರೆದಿದ್ದರು. “ನನ್ ವಿಷ್ಯ ಮಾತಾಡುವಾಗ ನಾನಿರಬಾರ್ದಾ?” ಎಂದು ಯಲ್ಲಕ್ಕ ಹೊರಟುಬಿಟ್ಟಳು. ಮೆಜೆಸ್ಟಿಕ್ ಹತ್ತಿರದ ಛತ್ರದಲ್ಲಿ ಇಳಿದುಕೊಂಡೆವು. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ಬಂದು ಕರೆದುಕೊಂಡು ಹೋಗುತ್ತಿದ್ದೆಯೋ ಏನೋ. ಅವಳನ್ನು ಛತ್ರದಲ್ಲಿ ಬಿಟ್ಟು ನಾನು ನಿನ್ನ ಮನೆಯಲ್ಲಿ ಉಣ್ಣುವುದು ಹೇಗೆ?

ಆ ದೊಡ್ಡ ಕೆಂಪು ಕಟ್ಟಡದ ಒಳಗೆ ಹಿಂದಿನ ಬೆಂಚಿನಲ್ಲಿ ಕೂತೆವು. ಇಬ್ಬರು ನ್ಯಾಯಾಧೀಶರು. ಎಲ್ಲ ಇಂಗ್ಲಿಷಿನಲ್ಲಿ. ಅವಳಿಗೆ ಒಂದು ಮಾತೂ ತಿಳಿಯದು. ನಡುನಡುವೆ ತನ್ನ ಹೆಸರು ಬಂದಾಗ ಮಾತ್ರ ಶಾಲೆಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ಮಾಡುವ ಹಾಗೆ ತಲೆ ಎತ್ತುತ್ತಿದ್ದಳು. ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು. ಯಾರನ್ನು ಹುಡುಕುತ್ತಿದ್ದಾಳೆಂದು ನಾನು ಕೇಳಲಿಲ್ಲ. ನೀನು ಬಂದಿರಲಿಲ್ಲ.

ನಿಮ್ಮ ವಕೀಲರು ಬಹಳ ಹೊತ್ತು ಮಾತಾಡಿದರು. ಹಿರಿಯ ನ್ಯಾಯಾಧೀಶರು ಕೇಳಿದ್ದು ಅಮೀನ ಬರೆದ ಆ ಒಂದು ಸಾಲಿನ ಬಗ್ಗೆಯೇ. ತೊರೆದುಹೋದ ಹೆಂಡತಿ ಗಂಡನ ಅಪ್ಪನ ಮನೆಯಲ್ಲಿ ಹೇಗೆ ಸಿಕ್ಕಿದಳು ಎಂದು. ನಿಮ್ಮ ವಕೀಲರು ಬೇರೆ ಪುಟಕ್ಕೆ ಹೋದರು. ನ್ಯಾಯಾಧೀಶರು ಮತ್ತೆ ಅದೇ ಪುಟಕ್ಕೆ ಕರೆದರು. ಊಟದ ಹೊತ್ತಿನ ಮೇಲೆ ಅಲ್ಲೇ ಆದೇಶ ಬರೆಸಿದರು. ಅಪೀಲು ವಜಾ. ಖರ್ಚು ಅವರವರದು ಅವರವರೇ ಹೊರತಕ್ಕದ್ದು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಅವಳಿಗೆ ಎಲ್ಲ ಹೇಳಿದೆ. ಖರ್ಚಿನ ಮಾತಿಗೆ ಅವಳು ಕಿವಿಗೊಡಲೇ ಇಲ್ಲ.

“ನಾನು ಬಿಟ್ಟೋದೆ ಅಂತಿತ್ತಲ್ಲಕ್ಕ, ಅದು?”

“ನೀನು ಬಿಟ್ಟುಹೋಗಲಿಲ್ಲ ಎಂದು ಬರೆಸಿದರು.”

“ಇಲ್ಲೂ ಬರೆಸಿದ್ರಾ? ಇಂಗ್ಲೀಷ್ನಾಗೆ?”

“ಇಂಗ್ಲಿಷಿನಲ್ಲೇ.”

“ಸರಿ ಬಿಡಕ್ಕ” ಎಂದಳು. ಅಷ್ಟೇ. ಆಮೇಲೆ ಹೋಟೆಲಿಗೆ ಹೋಗಾಣ ಎಂದಳು. ಒಂದು ದೋಸೆ ತಿಂದು ಇನ್ನೊಂದು ತರಿಸಿಕೊಂಡು ತಿಂದಳು. ಆ ಕೇಸು ಶುರುವಾದ ಮೇಲೆ ಅವಳು ಇನ್ನೊಂದು ಬೇಕು ಎಂದು ಕೇಳಿ ತಿಂದದ್ದು ನಾನು ಅದೇ ಮೊದಲು ನೋಡಿದ್ದು.

ಮಾರನೆಯ ದಿನ ಬಸ್ಸಿನಲ್ಲಿ ವಾಪಸು ಬರುವಾಗ, ಶಿರಾ ದಾಟಿದ ಮೇಲೆ, ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನದನ್ನು ಸೇರಿಸುವುದಿಲ್ಲ:

“ಅಕ್ಕಾ, ಚಿತ್ರಲಿಂಗಪ್ಪನೋರು ಒಂದ್ಸಲ ಹೇಳಿದ್ರಲ್ಲ, ಇಬ್ರೂ ಒಟ್ಟಿಗೆ ರುಜು ಹಾಕಿ ಬಿಡುಗಡೆ ಕೇಳೋದು, ಹೊಸ ಕಾನೂನು ಬಂದೈತೆ ಅಂತ. ಅದನ್ನ ಮಾಡಾಣ ಅಂತ ಅವ್ರಿಗೆ ಬರಿ. ನಂಗೇನೂ ಬ್ಯಾಡ. ನಾನು ಬಿಟ್ಟೆ ಅಂತ ಬರೆಯೋದು ಬ್ಯಾಡ, ಅವ್ರು ಬಿಟ್ರು ಅಂತಾನೂ ಬ್ಯಾಡ. ಇಬ್ರೂ ಬ್ಯಾಡ ಅಂದ್ವಿ ಅಂತ ಬರೀಲಿ.”

“ಅದಕ್ಕಾಗಿ ಇಷ್ಟು ದೂರ ಬಂದೆಯಾ?” ಎಂದು ಕೇಳಿದೆ. “ಮೊದಲೇ ಒಪ್ಪಿದ್ದರೆ ಕುರಿಗಳಾದರೂ ಉಳಿಯುತ್ತಿದ್ದವು.”

“ಮೊದ್ಲೇ ಹಂಗೆ ಕೇಳಿದ್ರೆ ಮೊದ್ಲೇ ಕೊಡ್ತಿದ್ದೆ. ಅವ್ರು ಕೇಳ್ಳಿಲ್ಲ. ಕಳ್ಳತನ ಹೊರಿಸಿ ಮನೆಯಿಂದ ಕಳಿಸೋದು ಬೇರೆ, ಹೋಗಿ ಬಾ ಅನ್ನೋದು ಬೇರೆ.”

ತಮ್ಮ, ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟು ಕೂತಿರು. ಆಮೇಲೆ ಮುಂದಕ್ಕೆ ಓದು.

ನಿಮ್ಮ ಆಫೀಸಿನ ಹುಡುಗಿಯ ವಿಷಯ ಮೊದಲನೆಯ ಕಾಗದದಲ್ಲಿ ಬರೆದಿದ್ದೀಯ. ಒಳ್ಳೆಯವಳಿರಬಹುದು. ನಿನಗೆ ಮನಸ್ಸು ಬಂದಿದೆ ಎಂದರೆ ಅದರಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಅಪ್ಪ ಗೊತ್ತು ಮಾಡಿದ ಮದುವೆಗೆ ನೀನು ತಲೆಬಾಗಿದೆ, ಮನಸ್ಸು ಅಲ್ಲಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಾರದೆ ವರ್ಷಗಳನ್ನು ತಳ್ಳಿದೆ. ಸಂಕೋಚ ಎಂದು ನಾನು ತಿಳಿದಿದ್ದೆ. ಆದರೆ ನಿನ್ನ ಸಂಕೋಚಕ್ಕೆ ಇನ್ನೊಬ್ಬಳು ತನ್ನ ಹೆಸರು ಕೆಡಿಸಿಕೊಳ್ಳಬೇಕೆಂದು ಯಾಕಾಯಿತು? ಆ ಹುಡುಗಿಗೆ ಎಲ್ಲವನ್ನೂ ಹೇಳು. ಕುರಿಯ ವಿಷಯವನ್ನೂ ಹೇಳು. ಕೇಳಿದ ಮೇಲೂ ನಿನ್ನ ಕೈ ಹಿಡಿಯುತ್ತಾಳೆಂದರೆ ನಾನೇ ಬಂದು ಅರಿಶಿನ ಕುಂಕುಮ ಇಡುತ್ತೇನೆ.

ಚಿತ್ರಲಿಂಗಪ್ಪನವರು ಜಂಟಿ ಅರ್ಜಿ ಸಿದ್ಧಮಾಡಿಸುತ್ತಾರೆ. ದೀಪಾವಳಿ ಕಳೆದ ಮೇಲೆ ದುರ್ಗಕ್ಕೆ ನೀನೇ ಬರಬೇಕು. ವಕೀಲರ ಕೈಯಲ್ಲಿ ಕಳಿಸುವುದು ಬೇಡ. ಯಲ್ಲಕ್ಕ ಕೇಳಿದ್ದು ಅದೊಂದೇ. ತಾನು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ನೀನು ನಿಂತು ರುಜು ಹಾಕಬೇಕು. ಅವಳು ಈಗ ಧರ್ಮಪುರಕ್ಕೆ ಹೋಗಲು ಒಪ್ಪುತ್ತಿಲ್ಲ. ಹರಿಯಬ್ಬೆಯಲ್ಲೇ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಒಂದು ಮನೆ ಹಿಡಿದಿದ್ದಾಳೆ. ಮಂದೆ ಇನ್ನೂ ಒಟ್ಟಿಗೇ ಮೇಯುತ್ತದೆ. ಹೋದ ವಾರ ಅಪ್ಪ, “ಬಿಡುಗಡೆ ಆದ್ಮೇಲೆ ಅವ್ಳು ನಂಗೆ ಏನಾಗ್ಬೇಕು ಕಾಳಿ?” ಎಂದು ಕೇಳಿದ. ಕಾನೂನಿನಲ್ಲಿ ಏನೂ ಆಗಬೇಕಾಗಿಲ್ಲ ಎಂದೆ. “ಹಂಗಾದ್ರೆ ನನ್ನ ಏನಂತ ಕರೀತಾಳೆ?” ಎಂದ. ಅದನ್ನು ಅವಳನ್ನೇ ಕೇಳು ಎಂದೆ. ಕೇಳಿದನಂತೆ. “ಇಷ್ಟು ದಿನ ಕರ್ದಂಗೆ” ಎಂದಳಂತೆ.

ಬರುವಾಗ ಅಪ್ಪನಿಗೆ ಏನೂ ತರಬೇಡ. ಬಂದು 'ಅಪ್ಪಾ' ಎಂದು ಕರೆದರೆ ಸಾಕು. ಅವನು ನಿನ್ನ ಮೇಲೆ ಸಿಟ್ಟಾಗಿಲ್ಲ. ಊರಿನವರು ಯಾರಾದರೂ ನಿನ್ನನ್ನು ಆಡಿಕೊಂಡರೆ ಈಗಲೂ ಎದ್ದು ಹೋಗುತ್ತಾನೆ.

ಹೊಟ್ಟೆ ತುಂಬ ಊಟ ಮಾಡು. ರಾತ್ರಿ ಪಾಳಿಯಿದ್ದಾಗ ಕಿವಿಗೆ ಬಟ್ಟೆ ಕಟ್ಟಿಕೊಂಡು ಹೋಗು, ನಿನಗೆ ತಂಡಿ ಆಗುವುದಿಲ್ಲ. ಹುಟ್ಟಿದ ಮನೆಯ ಬೀರದೇವರು ನಿನ್ನ ಬುದ್ಧಿಯನ್ನೂ ಬಾಳನ್ನೂ ತಂಪಾಗಿಡಲಿ.

ಇಂತಿ ನಿನ್ನ ಒಳಿತನ್ನೇ ಬಯಸುವ
ಅಕ್ಕ
ಕಾಳಕ್ಕ

ಮರೆತ ಮಾತು: ಮರೆತದ್ದಲ್ಲ. ಬರೆಯಲೋ ಬೇಡವೋ ಎಂದು ಕಾಗದ ಮಡಿಸಿ ಮತ್ತೆ ಬಿಚ್ಚಿದೆ.

ದುರ್ಗದ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಲು ನಿಂತಾಗ ನಿಮ್ಮ ವಕೀಲರು ಕೊನೆಗೆ ಒಂದು ಪ್ರಶ್ನೆ ಕೇಳಿದರು. “ನೀವು ಹೊಸದುರ್ಗದಲ್ಲಿ ಕೆಲಸಕ್ಕಿದ್ದಾಗ ಶಿವಕುಮಾರಪ್ಪ ಎಂಬ ಮೇಷ್ಟರ ಜೊತೆ ನಿಮಗೆ ಏನು ಸಂಬಂಧವಿತ್ತು?” ಎಂದು. ನ್ಯಾಯಾಧೀಶರು ಉತ್ತರ ಹೇಳಬೇಕಾಗಿಲ್ಲ ಎಂದರು. ಸುಮ್ಮನಿದ್ದರೆ ಏನೋ ಇದೆ ಎಂದಾಗುತ್ತದೆಂದು ನಾನೇ ಹೇಳಿದೆ: ಅವರು ಮದುವೆಯಾಗುವಿರಾ ಎಂದು ಕೇಳಿದರು, ನನಗೂ ಮನಸ್ಸಿತ್ತು, ತಾಯಿಯಿಲ್ಲದ ತಮ್ಮನನ್ನು ಓದಿಸುವುದಿತ್ತು, ಒಲ್ಲೆ ಎಂದೆ. ಬೆಂಚ್ ಕ್ಲಾರ್ಕ್ ಅದನ್ನೂ ಬರೆದುಕೊಂಡರು. ನೀನು ನೆಲ ನೋಡುತ್ತಿದ್ದೆ. ಅಪ್ಪ ಅಲ್ಲೇ ಇದ್ದ. ಅವನಿಗೆ ಗೊತ್ತಾದದ್ದು ಅವತ್ತೇ. ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ, “ನಂಗೊಂದು ಮಾತು ಹೇಳ್ಬೇಕಿತ್ತು ಕಣವ್ವ” ಎಂದ. ಮತ್ತೆ ಆ ವಿಷಯ ಎತ್ತಲಿಲ್ಲ.

ಆ ಹೆಸರನ್ನು ನಾನು ಈ ಜನ್ಮದಲ್ಲಿ ಒಬ್ಬರ ಮುಂದೆ ಮಾತ್ರ ಹೇಳಿದ್ದೆ. ನೀನು ಬಿ.ಎ. ಪಾಸಾದ ದಿನ ಚಂದ್ರವಳ್ಳಿ ಕೆರೆಯ ದಂಡೆಯಲ್ಲಿ, ನೀನಾಗಿ ಕೇಳಿದೆ ಎಂದು. ನೀನು ಅವತ್ತು ಅತ್ತೆ.

ನಿಮ್ಮ ವಕೀಲರಿಗೆ ಅದು ಹೇಗೆ ತಿಳಿಯಿತು? ಕುರಿ, ಖರ್ಚು ಯಾವುದಕ್ಕೂ ನೀನು ಉತ್ತರ ಬರೆಯದಿದ್ದರೂ ಇದಕ್ಕೊಂದು ಸಾಲು ಬರಿ. ಬೇರೆ ಯಾರೋ ಹೇಳಿದರು ಎಂದು ಬರೆದರೆ ನಾನು ನಂಬುತ್ತೇನೆ.